ಕೋಟು ನೋಡಿ ಕಾಲೇಜು ಆರಿಸಹೊರಟ ದರ್ಜಿ

ಗಂಡನ ಬಾಯಲ್ಲಿ ಆ ಕೋಟಿನ ಗುಣಗಾನ ಕೇಳಿ ಕೇಳಿ ದರ್ಜಿಯ ಹೆಂಡತಿಗೆ ತಲೆ ಚಿಟ್ಟು ಹಿಡಿದಿತ್ತು. ಮಗಳಿಗೆ ಯಂತ್ರಗಳೆಂದರೆ ಪ್ರಾಣ, ಮೆಕ್ಯಾನಿಕಲ್ ಇಂಜಿನಿಯರಿಂಗೇ ಓದಬೇಕು. ಹೊಸ ಕಾಲೇಜೋ ಹಳೇ ಕಾಲೇಜೋ ಎಂಬುದೇ ಜಗಳ. ಆರಿಸಲು ನಾಳೆಯೇ ಕೊನೆಯ ದಿನ.

"ಹೊಸ ಕಾಲೇಜಿನ ಹುಡುಗರ ಕೋಟು ನೋಡಿದ್ಯೇನೇ? ಭುಜ ಎಷ್ಟು ಚೆನ್ನಾಗಿ ಕೂತಿದೆ! ಯೂನಿಫಾರ್ಮಿಗೇ ಇಷ್ಟು ಕಾಳಜಿ ಮಾಡೋರು ಪಾಠ ಕೆಟ್ಟದಾಗಿ ಮಾಡ್ತಾರಾ?"

"ಅವಳು ಓದೋಕೆ ಹೋಗ್ತಿರೋದಾ, ಮೆರವಣಿಗೆಗಾ?"

"ಹೆಸರೂ ಇದೆ ಕಣೇ. ಬೀದಿ ಬೀದಿಲಿ ಅವರದ್ದೇ ಬೋರ್ಡು. ಹಳೇ ಕಾಲೇಜಿಗೆ ಸುಣ್ಣ ಬಳಿಯೋಕೂ ಗತಿ ಇಲ್ಲ."

ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಹೇಳುವ ದರ್ಜಿಯ ತಂಗಿ ಅಲ್ಲೇ ಇದ್ದಳು. ಅವಳು ಹಣೆ ಚಚ್ಚಿಕೊಂಡಳು. "ಅಣ್ಣಾ, ಬೋರ್ಡು ಯಾರು ಬೇಕಾದ್ರೂ ಹಾಕಿಸ್ತಾರೆ. ಅಲ್ಲಿ ಓದಿದೋರು ಈಗ ಏನು ಕೆಲಸ ಮಾಡ್ತಿದಾರೆ ಕೇಳು. ವರ್ಕ್‌ಶಾಪ್ ನೋಡು. ಇವತ್ತೇ ಎರಡೂ ಕಡೆ ಹೋಗಿ ಬಾ."

ದರ್ಜಿ ಗೊಣಗುತ್ತಲೇ ಹೆಂಡತಿ, ಮಗಳ ಜೊತೆ ಹೊರಟ.

ಹೊಸ ಕಾಲೇಜಿನಲ್ಲಿ ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ವರ್ಕ್‌ಶಾಪಿನ ಬಾಗಿಲು ಮಾತ್ರ ತೆರೆಯಲಿಲ್ಲ. ಕೀಲಿ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲ! ಕೊನೆಗೂ ಒಳಗೆ ಹೋದರೆ, ಕಬ್ಬಿಣ ಕಡೆಯುವ ಲೇತ್ ಯಂತ್ರಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನೇ ಇನ್ನೂ ಬಿಚ್ಚಿರಲಿಲ್ಲ.

"ಇದನ್ನ ಯಾವಾಗ ಓಡಿಸ್ತೀರಾ?" ಮಗಳು ಜೊತೆಗೆ ಬಂದಿದ್ದ ಕೊನೆಯ ವರ್ಷದ ಹುಡುಗನನ್ನು ಕೇಳಿದಳು.

"ಓಡಿಸೋದಾ? ಪರೀಕ್ಷೇಲಿ ಚಿತ್ರ ಬರೆದ್ರೆ ಸಾಕು."

"ಬೋರ್ಡಲ್ಲಿ ಕೆಲಸ ಸಿಕ್ಕಿದೋರ ಫೋಟೋ ಇದೆಯಲ್ಲಪ್ಪಾ?" ತಾಯಿ ಕೇಳಿದಳು.

"ಅದ್ರಲ್ಲಿ ಮೆಕ್ಯಾನಿಕಲ್‌ನೋರು ಒಬ್ರೂ ಇಲ್ಲ ಆಂಟಿ. ನಮ್ಮ ಸೀನಿಯರ್‌ಗಳು ಇನ್ನೂ ಅಲೀತಿದಾರೆ."

ಇಷ್ಟೆಲ್ಲ ಕೇಳಿದ ಮೇಲೂ ದರ್ಜಿಯ ಕೈ ಆ ಹುಡುಗನ ಕೋಟಿನ ತೋಳು ಸವರುತ್ತಿತ್ತು. "ಬಟ್ಟೆ ಯಾವುದಪ್ಪಾ ಇದು?"

ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ.

"ರೀ! ಅಂಗಡಿಲಿ ಒಂದು ಅಂಗಿ ತಗೋಬೇಕಾದ್ರೆ ಒಳಗಡೆ ತಿರುಗಿಸಿ ಹೊಲಿಗೆ ಎಳೆದು ನೋಡ್ತೀರಿ. ಅಂಗಡಿಯವನ ಮುಂದೆ ನನ್ನ ಮಾನ ಕಳೀತೀರಿ. ಮಗಳ ನಾಲ್ಕು ವರ್ಷಕ್ಕೆ ಮಾತ್ರ ಹೊರಗಿನ ಇಸ್ತ್ರಿ ಸಾಕಾ?"

ದರ್ಜಿ ತೋಳು ಬಿಟ್ಟ. ಮೂವರೂ ಹಳೇ ಕಾಲೇಜಿನ ದಾರಿ ಹಿಡಿದರು.

ಅಲ್ಲಿ ಗೋಡೆಯ ಬಣ್ಣ ಹಾರಿಹೋಗಿತ್ತು ನಿಜ. ಆದರೆ ವರ್ಕ್‌ಶಾಪಿನಲ್ಲಿ ಯಂತ್ರಗಳ ಸದ್ದಿಗೆ ಮಾತೇ ಕೇಳಿಸುತ್ತಿರಲಿಲ್ಲ. ಮೇಷ್ಟ್ರು ಒಬ್ಬ ಹುಡುಗಿಯನ್ನು ಗದರಿ, ಅಳತೆ ತಪ್ಪಿದ ಕಬ್ಬಿಣದ ತುಂಡನ್ನು ಮತ್ತೆ ಕಡೆಸುತ್ತಿದ್ದರು. ದರ್ಜಿ ಓದಿ ಹೋದವರ ವಿಚಾರ ಕೇಳಿದ್ದಕ್ಕೆ, "ನನ್ನನ್ನ ಯಾಕೆ ಕೇಳ್ತೀರಿ, ಅವರನ್ನೇ ಕೇಳಿ" ಎಂದು ಹೊರಗೆ ಕರೆತಂದು ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫೋನ್ ಹಚ್ಚಿಕೊಟ್ಟರು. ಅವಳು ಪಂಪ್ ತಯಾರಿಸುವ ಕಾರ್ಖಾನೆಯಲ್ಲಿದ್ದಳು.

"ಎಲ್ರಿಗೂ ಕೆಲಸ ಸಿಕ್ತು ಅಂತ ಸುಳ್ಳು ಹೇಳಲ್ಲ ಅಂಕಲ್," ಎಂದಳು. "ನಮ್ಮ ಬ್ಯಾಚಲ್ಲಿ ಹೆಚ್ಚಿನೋರಿಗೆ ಸಿಕ್ತು. ಇಂಟರ್‌ವ್ಯೂನಲ್ಲಿ ಯಂತ್ರದ ಮುಂದೆ ನಿಲ್ಲಿಸಿದಾಗ ನನ್ನ ಕೈ ನಡುಗಲಿಲ್ಲ."

ದರ್ಜಿ ಮಗಳ ಕಡೆ ತಿರುಗಿದ. "ಇಲ್ಲೇ ಸೇರ್ಕೊಳ್ಳಮ್ಮ."

"ಮತ್ತೆ ಕೋಟು?" ಹೆಂಡತಿ ಬಿಡಲಿಲ್ಲ.

"ಅವಳಿಗೆ ಕೆಲಸ ಸಿಗ್ಲಿ, ನಾನೇ ಹೊಲೀತೀನಿ."

ಅಪ್ಪಂದಿರೇ, ಅಮ್ಮಂದಿರೇ, ಬೋರ್ಡಿಗೆ ಮರುಳಾಗಿದ್ದು ಸಾಕು. ನಿಮ್ಮ ಮಕ್ಕಳು ಓದುವ ವಿಭಾಗದಲ್ಲೇ ಎಷ್ಟು ಜನಕ್ಕೆ, ಎಂಥ ಕೆಲಸ ಸಿಕ್ಕಿದೆ ಎಂದು ಬಾಯಿಬಿಟ್ಟು ಕೇಳಿ. ಓದಿ ಹೊರಬಂದವರ ಜೊತೆ ಮಾತಾಡಿ. ವರ್ಕ್‌ಶಾಪಿನ ಬಾಗಿಲು ತೆಗೆಸಿ. ಕೀಲಿಯೇ ಸಿಗುತ್ತಿಲ್ಲ ಎಂದರೆ, ದಯವಿಟ್ಟು ಮಗುವಿನ ಕೈ ಹಿಡಿದುಕೊಂಡು ವಾಪಸ್ ಬನ್ನಿ.