ಕಡಲ ಊರಿನ ಸೀನಪ್ಪ ಮುಳುಗಿದ ಹಡಗು ನೋಡಿದ್ದು

ದೋಹಾದಲ್ಲಿರುವ ನಮ್ಮವರಿಗೆ ಶುಕ್ರವಾರ ಬಂತೆಂದರೆ ಒಂದೇ ತಲೆನೋವು: ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಮಾಲ್ ನೋಡಿ ಸಾಕಾಗಿದೆ, ಕಡಲ ದಂಡೆಯ ಕಾರ್ನಿಶ್ ರಸ್ತೆ ನೋಡಿಯೂ ಸಾಕಾಗಿದೆ. ಫುಟ್‌ಬಾಲ್ ವಿಶ್ವಕಪ್ಪಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಇಲ್ಲಿನ ಕನ್ನಡಿಗರ ಸಂಘದವರು ಹೊಸ ಕಾರ್ಯಕ್ರಮ ಹಾಕಿದರು. ದಡದಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಮುತ್ತು ತೆಗೆಯುವವರ ಕಾಲದ ಮರದ ಹಡಗೊಂದು ಮುಳುಗಿ ಕೂತಿತ್ತು. ಕಣ್ಣು ಮೂಗು ಮುಚ್ಚುವ ಮಾಸ್ಕ್ ಹಾಕಿ, ಬಾಯಿಗೆ ಕೊಳವೆ ಸಿಕ್ಕಿಸಿ, ಮೇಲೆ ತೇಲುತ್ತಾ ಅದನ್ನು ನೋಡುವುದು. ಇದಕ್ಕೆ ಸ್ನಾರ್ಕಲಿಂಗ್ ಎನ್ನುತ್ತಾರೆ.

ಅಲ್ ಹಿಲಾಲ್ ಬಡಾವಣೆಯಲ್ಲಿರುವ ಸೀನಪ್ಪ ಟೈಲ್ಸ್ ವ್ಯಾಪಾರಿ. ಊರು ಪಡುಬಿದ್ರಿ, ಮನೆಯಂಗಳದಲ್ಲಿ ನಿಂತರೆ ಕಡಲು ಕಾಣುತ್ತದೆ. ಸಂಘದವರಿಗೆ ಅಷ್ಟೇ ಸಾಕಾಯಿತು.

"ಸೀನಪ್ಪಣ್ಣ ಇದ್ದಾರಲ್ಲ, ಮತ್ತೆಂಥ ಹೆದರಿಕೆ?" ಎಂದರು.

"ನಮ್ಮವರು ನೀರಿಗಿಳಿದ್ರೆ ಮೀನಿಗೇ ನಾಚಿಕೆ ಆಗ್ಬೇಕು" ಎಂದಳು ಹೆಂಡತಿ ಪೂವಕ್ಕ. ಸೀನಪ್ಪ ಮೀಸೆ ತಿರುವಿದ.

ನಿಜ ಏನೆಂದರೆ, ಸೀನಪ್ಪನಿಗೆ ಈಜು ಬರುತ್ತಿರಲಿಲ್ಲ! ಸಣ್ಣವನಿದ್ದಾಗ ಅಮ್ಮ ಮೊಣಕಾಲಿಗಿಂತ ಆಳದ ನೀರಿಗೆ ಬಿಟ್ಟವಳಲ್ಲ. ಕಡಲಿನ ಬಗ್ಗೆ ಅವನಿಗಿದ್ದ ಜ್ಞಾನವೆಲ್ಲ ಊಟದ ಬಟ್ಟಲಿನಿಂದ ಬಂದದ್ದು. ಮೈಸೂರಿನವನಾಗಿದ್ದರೆ ಹಾಯಾಗಿ "ಬರಲ್ಲ" ಎಂದುಬಿಡಬಹುದಿತ್ತು. ಕಡಲ ಊರಿನವನು ಯಾವ ಮುಖ ಹೊತ್ತು ಹೇಳುವುದು? ಮದುವೆಯ ಹೊಸತರಲ್ಲಿ ಬಿಟ್ಟ ಬುರುಡೆ ಹಾಗೆಯೇ ಉಳಿದುಬಿಟ್ಟಿತ್ತು.

ದಡದಲ್ಲಿ ಹೇಮಲತಾ ಎಲ್ಲರಿಗೂ ಲೈಫ್ ಜಾಕೆಟ್ ಹಂಚುತ್ತಿದ್ದಳು. ಅವಳು ಮೈಸೂರಿನವಳು, ಆಫೀಸೊಂದರಲ್ಲಿ ಅಕೌಂಟೆಂಟ್. ದೋಹಾಕ್ಕೆ ಬಂದ ಮೇಲೆ, ನಲವತ್ತು ದಾಟಿದ ಮೇಲೆ, ಈಜು ಕಲಿತವಳು.

"ಜಾಕೆಟ್ ಹಾಕ್ಕೊಳ್ಳಿ ಸೀನಪ್ಪನವರೆ."

"ನನಗೆ ಎಂಥಕ್ಕೆ ಅದು? ಊರಲ್ಲಿ ಗೊತ್ತಾದ್ರೆ ನಗಾಡ್ತಾರೆ."

"ನೀವು ಯಾವೂರಿನವ್ರು ಅಂತ ನೀರು ಕೇಳಲ್ಲ ಸಾರ್" ಎಂದು ಹೇಮಲತಾ ನಕ್ಕಳು. ಆಮೇಲೆ ಎಲ್ಲರಿಗೂ ಹೇಳಿದಳು: "ಯಾರೂ ಒಬ್ಬರೇ ಹೋಗ್ಬೇಡಿ, ಜೋಡಿಯಾಗಿ ಹೋಗಿ. ಮೊದಲು ಸೊಂಟದಷ್ಟು ನೀರಲ್ಲಿ ಅಭ್ಯಾಸ. ಉಸಿರಾಟ ಬಾಯಲ್ಲಿ ಮಾತ್ರ. ಗಾಬರಿ ಆದ್ರೆ ಕೈ ಎತ್ತಿ."

"ಒಂದು ಮರದ ಚೂರು ತನ್ನಿ, ಶೋಕೇಸಲ್ಲಿ ಇಡುವ" ಎಂದು ಪೂವಕ್ಕ ಗಂಡನಿಗೆ ಹೇಳಿದಳು.

"ಬೇಡ ಪೂವಕ್ಕ! ಒಬ್ಬೊಬ್ಬರು ಒಂದೊಂದು ಚೂರು ತಂದ್ರೆ ನಾಳೆ ಬರೋರು ನೋಡೋದೇನನ್ನ? ಮುಟ್ಟೋದೂ ಬೇಡ" ಎಂದಳು ಹೇಮಲತಾ.

ಜೋಡಿ ಮಾಡುವಾಗ ಸೀನಪ್ಪನ ಪಾಲಿಗೆ ಬಂದವಳು ಅವನ ಮಗಳೇ, ಹತ್ತು ವರ್ಷದ ತೃಷಾ. ಅವಳ ಈಜೂ ಅಷ್ಟಕ್ಕಷ್ಟೆ. ಸೀನಪ್ಪ ದೇವರಿಗೆ ಕೈಮುಗಿದು, ಸೊಂಟದಷ್ಟು ನೀರಿಗಿಳಿದು, ಮಾಸ್ಕ್ ಏರಿಸಿ ತಲೆ ಮುಳುಗಿಸಿದ. ಕೊಳವೆಯ ತುದಿಯೂ ನೀರೊಳಗೆ ಹೋದದ್ದು ತಿಳಿಯದೆ ಉಸಿರೆಳೆದು, ಕೆಮ್ಮುತ್ತಾ ಎದ್ದ.

"ಇಲ್ಲಿ ಉಪ್ಪು ಜಾಸ್ತಿ. ನಮ್ಮ ಕಡಲು ಹೀಗಲ್ಲ" ಎಂದ.

ಅಷ್ಟರಲ್ಲಿ ಅರ್ಜೆಂಟೀನಾ ಜೆರ್ಸಿಯ ಮೇಲೆ ತೊಟ್ಟಿದ್ದ ಜಾಕೆಟ್ಟನ್ನು ತೃಷಾ ಬಿಚ್ಚತೊಡಗಿದಳು.

"ಪಪ್ಪಾ, ನೀನು ಹಾಕಿಲ್ಲ. ನಂಗೂ ಬೇಡ. ನಾನು ಸಿಂಕ್ ಆದ್ರೆ ನೀನು ಕ್ಯಾಚ್ ಮಾಡ್ತಿ ಅಲ್ವಾ?"

ಸೀನಪ್ಪ ಮಗಳ ಮುಖ ನೋಡಿದ. ಅವಳ ಕಣ್ಣಲ್ಲಿ ಒಂದಿಷ್ಟೂ ಸಂಶಯವಿರಲಿಲ್ಲ. ಅದನ್ನು ನೋಡಿದ ಮೇಲೆ ಅವನಿಗೆ ಮಾನ, ಮೀಸೆ, ಪಡುಬಿದ್ರಿ ಯಾವುದೂ ಬೇಡವಾಯಿತು.

"ಇಲ್ಲ ಮಗಾ. ಹಾಕ್ಕೋ ಅದನ್ನು. ಪಪ್ಪನಿಗೆ ಈಜ್ಲಿಕ್ಕೆ ಬರುದಿಲ್ಲ."

ಹೆದರಿಕೆಗೆ ಗಂಟಲು ದೊಡ್ಡದಾಗಿತ್ತು. ಇಡೀ ಸಂಘಕ್ಕೆ ಕೇಳಿಸಿತು.

"ಎಂಥ?" ಎಂದು ಪೂವಕ್ಕ ಬೊಬ್ಬೆ ಹಾಕಿದಳು. "ಹೆಣ್ಣು ನೋಡ್ಲಿಕ್ಕೆ ಬರುವಾಗ ಹೊಳೆ ಈಜಿ ದಾಟಿದ್ದು ಅಂತ ಹೇಳಿದ್ರಲ್ಲ!"

"ದೋಣಿಯಲ್ಲಿ ಬಂದದ್ದು ಮಾರಾಯ್ತಿ."

ಎಲ್ಲರೂ ಗೊಳ್ಳೆಂದರು, ನಗು ಇನ್ನೂ ನಿಂತಿರಲಿಲ್ಲ. ಇಷ್ಟು ಹೊತ್ತು ಜಾಕೆಟ್ ಬೇಡವೆಂದು ಹೊಟ್ಟೆ ಎಳೆದುಕೊಂಡು ನಿಂತಿದ್ದ ಉಳ್ಳಾಲದ ಕಜೆತಾನ್ ಹಿಂದಿನಿಂದ ಮೆಲ್ಲಗೆ ಹೇಳಿದ, "ನನಗೂ ಒಂದು ಜಾಕೆಟ್ ಕೊಡಿ ಮೇಡಂ. ಖಲಾಸ್, ನನ್ನದೂ ಅದೇ ಕಥೆ." ಅವನ ಹಿಂದೆ ಇನ್ನಿಬ್ಬರು ಕರಾವಳಿಯವರು ತಲೆ ತಗ್ಗಿಸಿಕೊಂಡು ಸಾಲಲ್ಲಿ ನಿಂತರು.

ಹೇಮಲತಾ ಯಾರನ್ನೂ ಛೇಡಿಸಲಿಲ್ಲ. ಜೋಡಿ ಬದಲಾಯಿಸಿದಳು. ತೃಷಾಳನ್ನು ಈಜು ಬಲ್ಲ ತನ್ನ ಗೆಳತಿಯೊಬ್ಬಳಿಗೆ ಒಪ್ಪಿಸಿ, ಸೀನಪ್ಪನಿಗೆ ಜಾಕೆಟ್ ತೊಡಿಸಿ, ಅವನ ಕೈಯನ್ನು ತಾನೇ ಹಿಡಿದಳು.

ತೇಲುತ್ತಾ ಹೋದಂತೆ ಕೆಳಗೆ ಆ ಹಡಗು ಕಂಡಿತು. ಕಪ್ಪಗಾದ ಪಕ್ಕೆಮರಗಳು, ಅವುಗಳ ನಡುವೆ ಮರಳು. ಒಂದು ಕಾಲಕ್ಕೆ ಎಷ್ಟು ಜನರ ಹೊಟ್ಟೆ ಹೊರೆದ ಹಡಗೋ ಎಂದು ಸೀನಪ್ಪನಿಗೆ ಮನಸ್ಸು ತುಂಬಿ ಬಂತು. ಆಗ ಮರದ ಸಂದಿಯಿಂದ ದಪ್ಪನೆಯ ಹಮೂರ್ ಮೀನೊಂದು ಹೊರಬಂತು. ಕಂಡದ್ದೇ ಪಕ್ಕದಲ್ಲಿ ತೇಲುತ್ತಿದ್ದ ಮಗಳಿಗೆ ತೋರಿಸಲು "ಹಮೂರ್!" ಎಂದು ಬಾಯಿ ತೆರೆದ. ಮೀನು ಹೋಯಿತು, ಉಪ್ಪುನೀರು ಒಳಗೆ ಬಂತು. ಕಣ್ಣು ಕತ್ತಲಾಯಿತು. ಆದರೂ ಕೈ ಎತ್ತಿದ. ಜಾಕೆಟ್ ಅವನನ್ನು ಮುಳುಗಲು ಬಿಡಲಿಲ್ಲ, ಹೇಮಲತಾ ಕೈ ಬಿಡಲಿಲ್ಲ.

ದಡಕ್ಕೆ ಬಂದವನು ಮೊದಲು ಮಗಳನ್ನು ಹುಡುಕಿದ. ಜ್ಯೂಸ್ ಕುಡಿಯುತ್ತಿದ್ದ ತೃಷಾಳನ್ನೇ ನೋಡುತ್ತಾ ಕೂತ. ಪೂವಕ್ಕ ಟವೆಲ್ ಹೊದೆಸಿ, "ಹೇಳಿದ್ದು ಒಳ್ಳೆದಾಯ್ತು" ಎಂದಳು. ಮತ್ತೆ ಹೇಮಲತಾಳ ಕಡೆ ತಿರುಗಿ, "ಈಜು ಕ್ಲಾಸು ಎಲ್ಲಿ ಉಂಟು? ನಾವು ಮೂವರೂ ಬರ್ತೇವೆ" ಎಂದಳು.

ಅಣ್ಣಂದಿರೇ, ಅಕ್ಕಂದಿರೇ, ಹಳೆಯ ಹಡಗು ಖಂಡಿತ ನೋಡಿ, ಕಣ್ಣಲ್ಲೇ ನೋಡಿ. ಆದರೆ ಜಾಕೆಟ್ ಇಲ್ಲದೆ, ಜೊತೆಯಿಲ್ಲದೆ ನೀರಿಗಿಳಿಯಬೇಡಿ. ಈಜು ಬಾರದಿದ್ದರೆ ದಡದಲ್ಲೇ ಹೇಳಿಬಿಡಿ; ನಾಲ್ಕು ಜನ ನಗಬಹುದು, ನಗಲಿ. ನಿಮ್ಮ ಮಗು ನೀರನ್ನು ನಂಬಿ ಇಳಿಯುವುದಿಲ್ಲ, ನಿಮ್ಮನ್ನು ನಂಬಿ ಇಳಿಯುತ್ತದೆ.