ಬೆಳ್ಳಟ್ಟಿ ಕಡೀಗೆ

ಪರಶುರಾಮ ಫೌಜಿನಲ್ಲಿ ಬಂದೂಕು ಹಿಡಿದದ್ದು ಕಡಿಮೆ. ಅವನ ನೌಕರಿಯೆಲ್ಲ ಸಾಮಾನು ಸಾಗಿಸುವುದರಲ್ಲೇ ಕಳೆಯಿತು. ಲಡಾಖಿನಲ್ಲಿ ಹಿಮ ಬಿದ್ದು ರಸ್ತೆ ಮುಚ್ಚುವ ಮೊದಲು ಗುಡ್ಡದ ಮೇಲಿನ ಚೌಕಿಗಳಿಗೆ ಹಿಟ್ಟು, ಸೀಮೆಎಣ್ಣೆ, ಔಷಧ ಮುಟ್ಟಿಸಬೇಕು. ಆಮೇಲೆ ಆರು ತಿಂಗಳು ಯಾರು ಎಷ್ಟು ಕೂಗಿದರೂ ಏನೂ ಕಳಿಸಲಾಗದು. ಸುಬೇದಾರನಾಗಿ ನಿವೃತ್ತಿ ಪಡೆದು ಬೆಟಗೇರಿಗೆ ಬಂದ ಮೇಲೆ, ಅಲ್ಲಿ ಹಾಲಿನ ಡೈರಿ ನಡೆಸುತ್ತಿದ್ದ ಚನ್ನಬಸವಣ್ಣ ಅವನನ್ನು ಕರೆದು ಗಾಡಿಗಳ ಉಸ್ತುವಾರಿ ಒಪ್ಪಿಸಿದ.

ಆಗ ಡೈರಿಯ ಪರಿಸ್ಥಿತಿ ಚಲೋ ಇರಲಿಲ್ಲ. ಬೇಸಿಗೆಯಲ್ಲಿ ಮುಂಡರಗಿ ಕಡೆಯಿಂದ ಬರುವ ಹಾಲು ದಾರಿಯಲ್ಲೇ ಒಡೆಯುತ್ತಿತ್ತು. ಒಂದು ಗಾಡಿ ಕೆಟ್ಟರೆ ಆ ದಿಕ್ಕಿನ ಊರುಗಳ ಹಾಲೆಲ್ಲ ಚರಂಡಿಗೆ. ಪರಶುರಾಮ ಫೌಜಿನಲ್ಲಿ ಕಲಿತದ್ದನ್ನೇ ಇಲ್ಲಿ ಮಾಡಿದ. ಶಿರಹಟ್ಟಿಯಲ್ಲಿ, ಮುಂಡರಗಿಯಲ್ಲಿ ಬರ್ಫಿನ ಗಡ್ಡೆ ಮುಂಚೆಯೇ ತಂದು ಇಡಿಸಿದ. ಪ್ರತಿ ದಾರಿಗೂ ಇನ್ನೊಂದು ದಾರಿ ಗೊತ್ತುಮಾಡಿದ. ಯಾವಾಗಲೂ ಒಂದು ಗಾಡಿಯನ್ನು ಕೆಲಸ ಹಚ್ಚದೆ ಖಾಲಿ ನಿಲ್ಲಿಸಿದ. ಖಾಲಿ ಗಾಡಿ ನೋಡಿ ಚನ್ನಬಸವಣ್ಣನಿಗೆ ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ಹಾಲು ಒಡೆಯುವುದು ನಿಂತಿತು. ಆಮೇಲೆ ಬಂದಬಂದವರಿಗೆಲ್ಲ ಆ ಗಾಡಿಯನ್ನು ತೋರಿಸುತ್ತಿದ್ದ.

ಆ ಮಳೆಗಾಲದಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂತು. ಮೈಯೆಲ್ಲ ಗಂಟು ಏಳುವುದು, ಕಾಲು ಬಾಯುವುದು, ಮೇವು ಬಿಡುವುದು. ನೊಣ, ಸೊಳ್ಳೆಗಳಿಂದ ಹಬ್ಬುತ್ತದೆ ಎಂದರು. ಡೈರಿಗೆ ಹಾಲು ಹಾಕುವ ಊರುಗಳಲ್ಲಿ ಮೊದಲು ಕಾಣಿಸಿಕೊಂಡದ್ದು ಬೆಳ್ಳಟ್ಟಿಯಲ್ಲಿ. ಪರಶುರಾಮನ ಅಕ್ಕ ಹನಮಂತವ್ವ ಇದ್ದದ್ದು ಆ ಊರಿನಲ್ಲೇ.

ಚನ್ನಬಸವಣ್ಣ ತನ್ನ ಕೈಯಿಂದಲೇ ರೊಕ್ಕ ಹಾಕಿ ಲಸಿಕೆ ತರಿಸಿ ಎಲ್ಲರ ದನಗಳಿಗೂ ಹಾಕಿಸುತ್ತೇನೆಂದ. ಆದರೆ ಸುತ್ತಲಿನ ಜಿಲ್ಲೆಗಳಲ್ಲೆಲ್ಲ ಬೇಡಿಕೆ ಒಮ್ಮೆಲೇ ಎದ್ದಿತ್ತು. ವ್ಯಾಪಾರಿ ಕೇಳಿದ್ದರಲ್ಲಿ ಕಾಲು ಭಾಗ ಕಳಿಸಿ, ಉಳಿದದ್ದು ಆಮೇಲೆ ಎಂದ. ಡೈರಿಯ ದನದ ಡಾಕ್ಟರ್ ಕಾಂಚನಾ, ಪರಶುರಾಮ, ಚನ್ನಬಸವಣ್ಣ ಮೂವರೂ ಕೂತು ಎಲ್ಲಿಂದ ಶುರು ಮಾಡುವುದೆಂದು ಮಾತಾಡಿದರು. ರೋಗ ಬಂದ ದನಕ್ಕೆ ಈ ಸೂಜಿ ನಡೆಯುವುದಿಲ್ಲ, ರೋಗ ಹೊಕ್ಕ ಊರಿನಲ್ಲಿ ನೋಡಲು ಗಟ್ಟಿಯಾಗಿರುವ ದನದ ಮೈಯಲ್ಲೂ ಅದು ಆಗಲೇ ಕೂತಿರಬಹುದು ಎಂದು ಕಾಂಚನಾ ವಿವರಿಸಿದಳು.

ಪರಶುರಾಮ ಹೇಳಿದ. "ಇರೂದು ಸ್ವಲ್ಪ. ಎಲ್ಲಾ ಊರಿಗೂ ಚೂರುಚೂರು ಹಂಚಿದ್ರ ಯಾವ ಊರೂ ಉಳಿಯೂದಿಲ್ರಿ. ಬ್ಯಾನಿ ಇನ್ನೂ ಮುಟ್ಟಲಾರದ ಊರು ಮೊದಲು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಆಮ್ಯಾಲ ಹೊಂಬಳ, ಲಕ್ಕುಂಡಿ. ಬೆಳ್ಳಟ್ಟಿ ಕಡೀಗೆ."

ಚನ್ನಬಸವಣ್ಣ ಅವನ ಮುಖ ನೋಡಿದ. "ಅದು ನಿಮ್ಮ ಅಕ್ಕಾರ ಊರಲ್ಲೇನ್ರಿ ಸುಬೇದಾರ್ರ?"

"ಹೌದ್ರಿ," ಎಂದ ಪರಶುರಾಮ. ಆ ಮಾತು ಅಲ್ಲಿಗೇ ನಿಂತಿತು.

ಹನಮಂತವ್ವ ಗಂಡ ತೀರಿದ ಮೇಲೆ ಹೊಲ ಲಾವಣಿಗೆ ಹಾಕದೆ ತಾನೇ ಕಮತ ಮಾಡಿದವಳು. ಎರಡು ಹೋರಿಗರು ತಂದು, ಬಾರಕೋಲು ಮುಟ್ಟಿಸದೆ, ಬರೀ ಮಾತಿನಲ್ಲೇ ನೊಗಕ್ಕೆ ರೂಢಿ ಮಾಡಿದ್ದಳು. ತನ್ನ ಹೊಲ ಮುಗಿಸಿ ಓಣಿಯವರ ಹೊಲ ಉಳಲೂ ಗಳೇ ಹೊಡೆಯುತ್ತಿದ್ದಳು. ಹೆಂಗಸು ಗಳೇ ಹೊಡೆಯುತ್ತಾಳೆಂದು ಮೊದಲು ನಕ್ಕವರೇ ಆಮೇಲೆ ಬಿತ್ತನೆಗೆ ಅವಳನ್ನು ಕಾಯುತ್ತಿದ್ದರು. ಅವಳು ಫೋನ್ ಮಾಡಿ, ಬಾಜೂ ಮನೆಯ ಆಕಳಿಗೆ ಗಂಟು ಎದ್ದಿವೆ, ನಮ್ಮ ಎತ್ತುಗಳು ಇನ್ನೂ ಗಟ್ಟಿಯಾಗಿವೆ, ಸೂಜಿ ಯಾವಾಗ ಬರುತ್ತದೆಂದು ಕೇಳಿದಳು.

ಪರಶುರಾಮ ಮುಚ್ಚಿಡಲಿಲ್ಲ. "ಬೆಳ್ಳಟ್ಟಿ ಕಡೀಗೆ ಐತಿ ಅಕ್ಕಾ. ಹಂಗ ಇಟ್ಟಾಂವ ನಾನ."

ಯಾಕೆಂದು ಅವಳು ಕೇಳಿದಳು. ಅವನು ತಿಳಿಸಿ ಹೇಳಿದ. ಬೇವಿನ ಸೊಪ್ಪಿನ ಹೊಗೆ ಹಾಕು, ನೊಣ ಕೂಡಲು ಬಿಡಬೇಡ, ಬೇರೆ ದನಗಳ ಜೊತೆ ಕಟ್ಟಬೇಡ ಎಂದ. ಅವಳು ಎಲ್ಲವನ್ನೂ ಕೇಳಿಸಿಕೊಂಡು "ಆತು" ಎಂದು ಫೋನ್ ಇಟ್ಟಳು.

ಶಿರಹಟ್ಟಿಯಲ್ಲಿ ಎಲ್ಲವೂ ಅವನು ಎಣಿಸಿದಂತೆ ನಡೆಯಿತು. ರೋಗ ಹತ್ತಿರವೇ ಇದ್ದುದರಿಂದ ಮಂದಿ ಮುಂಜಾನೆಯೇ ದನ ಹೊಡೆದುಕೊಂಡು ಬಂದು ನಿಂತಿದ್ದರು. ಲಕ್ಷ್ಮೇಶ್ವರದಲ್ಲಿ ಒಂದು ಗಾಡಿ ಕೆಸರಿನಲ್ಲಿ ಹುಗಿದಾಗ ಖಾಲಿ ನಿಲ್ಲಿಸಿದ್ದ ಗಾಡಿ ಹೋಗಿ ಲಸಿಕೆಯ ಡಬ್ಬಿ ತೆಗೆದುಕೊಂಡಿತು. ಒಳಗಿನ ಬರ್ಫ್ ಕರಗಿರಲಿಲ್ಲ. ಮುಂಡರಗಿಯೂ ಮುಗಿಯಿತು. ಫೌಜಿನವರ ಕೆಲಸವೇ ಬೇರೆ ಎಂದು ಚನ್ನಬಸವಣ್ಣ ಕಂಡಕಂಡವರಿಗೆ ಹೇಳತೊಡಗಿದ.

ಹೊಂಬಳದಲ್ಲಿ ಯಾರೂ ಬರಲಿಲ್ಲ.

ಗಾಡಿ ಬೇವಿನ ಮರದ ಕೆಳಗೆ ನಿಂತೇ ಇತ್ತು. ಸೂಜಿ ಹಾಕಿಸಿದರೆ ಗಬ್ಬದ ಆಕಳು ದಿನ ತುಂಬುವ ಮೊದಲೇ ಕಂದು ಹಾಕುತ್ತವೆ, ಹಾಲು ಬತ್ತುತ್ತದೆ ಎಂಬ ಖಬರು ಮೊಬೈಲಿನಲ್ಲಿ ಊರ ತುಂಬ ಓಡಾಡಿತ್ತು. ಆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹಾಲು ಹಾಕುವ ಪುಂಡಲೀಕಪ್ಪನ ಮನೆಗೇ ಪರಶುರಾಮ, ಕಾಂಚನಾ ಇಬ್ಬರೂ ಹೋದರು. ಅವನು ಮರ್ಯಾದೆಯಿಂದ ಕೂಡಿಸಿ ಚಹಾ ಕೊಟ್ಟ. "ನಮ್ಮೂರಾಗ ಬ್ಯಾನೀನ ಇಲ್ರಿ," ಎಂದ. "ಚಲೋ ಇದ್ದ ದನಕ್ಕ ಸೂಜಿ ಚುಚ್ಚಿಸಿ ಏನರೆ ಹೆಚ್ಚುಕಡಿಮಿ ಆದ್ರ ಯಾರನ್ನ ಕೇಳೂದು?"

ಕಾಂಚನಾ ತಾಳ್ಮೆಯಿಂದ ತಿಳಿಸಿ ಹೇಳಿದಳು. ಅವನು ಎಲ್ಲದಕ್ಕೂ ತಲೆಯಾಡಿಸಿದ. ದನ ಮಾತ್ರ ಬಿಚ್ಚಲಿಲ್ಲ. ಕೊನೆಗೆ ನಾಲ್ಕೈದು ಮನೆಯವರು ಬಂದರು. ಅಷ್ಟಕ್ಕೇ ಒಂದು ಬಾಟಲಿ ಒಡೆಯಬೇಕಾಯಿತು. ಒಡೆದು ಕಲಸಿದ ಲಸಿಕೆ ಎರಡು ತಾಸಿನ ಮೇಲೆ ಉಪಯೋಗಕ್ಕೆ ಬಾರದು. ಮತ್ತೆ ಯಾರಾದರೂ ಬಂದಾರೆಂದು ಕಾದರು. ಹೊತ್ತು ಮೀರಿದ ಮೇಲೆ ಕಾಂಚನಾ ತಗ್ಗು ತೋಡಿಸಿ ಉಳಿದದ್ದನ್ನು ಅದರಲ್ಲಿ ಸುರಿದಳು. ಪರಶುರಾಮ ಪಕ್ಕದಲ್ಲೇ ನಿಂತಿದ್ದ. ಅವನು ದಾರಿ ಯೋಚಿಸಿದ್ದ, ಬರ್ಫ್ ಯೋಚಿಸಿದ್ದ, ಗಾಡಿ ಯೋಚಿಸಿದ್ದ. ಮುಟ್ಟಿಸಿದ ಸಾಮಾನನ್ನು ಯಾವ ಚೌಕಿಯೂ ಒಲ್ಲೆ ಎಂದದ್ದನ್ನು ಅವನು ಕಂಡಿರಲಿಲ್ಲ. ಒಲ್ಲೆ ಎಂದವರಿಗೆ ಹುಕುಂ ಮಾಡಲು ಇಲ್ಲಿ ಅವನಿಗೆ ಅಧಿಕಾರವೂ ಇರಲಿಲ್ಲ.

ಗಾಡಿ ಹೊಡೆಯುವ ಮಹಬೂಬಸಾಬ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಸಾಹೇಬ್ರ, ಡಬ್ಬ್ಯಾಗ ಇನ್ನೂ ಒಡೀಲಾರದ ಬಾಟ್ಲಿ ಅದಾವು. ಹೊತ್ತು ಮುಣಗೂದ್ರಾಗ ಬೆಳ್ಳಟ್ಟಿ ಮುಟ್ಟಸ್ತೀನಿ. ನೀವು ಹೂಂ ಅನ್ರಿ ಸಾಕು."

ಪರಶುರಾಮ ಕಾಂಚನಾಳ ಕಡೆ ತಿರುಗಿದ. ಅವಳು ಕೈ ಒರೆಸಿಕೊಳ್ಳುತ್ತ, "ಹೋಗಬ್ಯಾಡ್ರಿ ಅಂತ ನಾ ಅನ್ನೂದಿಲ್ಲ ಸರ್. ಹೋದ್ರ ಉಪಯೋಗ ಆಗತೈತಿ ಅಂತನೂ ಅನ್ನಾಕ ಬರೂದಿಲ್ಲ," ಎಂದಳು.

ಅವನು ಗಾಡಿ ಹತ್ತಿ ಕೂತ. ಇದ್ದ ಬಾಟಲಿಗಳು ಬೆಳ್ಳಟ್ಟಿಯ ಒಂದು ಓಣಿಗೆ ಸಾಕಾಗುತ್ತಿದ್ದವು. ಯಾವ ಓಣಿಗೆಂದು ಅವನಿಗೂ ಗೊತ್ತಿತ್ತು, ಮಹಬೂಬಸಾಬನಿಗೂ ಗೊತ್ತಿತ್ತು. ಮರುದಿನಕ್ಕೆ ಲಕ್ಕುಂಡಿಯವರಿಗೆ ಮಾತು ಕೊಟ್ಟಾಗಿತ್ತು. ಸ್ಟೇರಿಂಗ್ ಮೇಲೆ ಕೈಯಿಟ್ಟು ಮಹಬೂಬಸಾಬ ಕಾಯುತ್ತಿದ್ದ.

"ಬೆಟಗೇರಿಗೆ ನಡಿ," ಎಂದ ಪರಶುರಾಮ.

ಮರುದಿನ ಲಕ್ಕುಂಡಿಯಲ್ಲಿ ಅರ್ಧ ಊರು ಬಂತು, ಅರ್ಧ ಬರಲಿಲ್ಲ. ಅಲ್ಲಿಯೂ ಒಂದಿಷ್ಟು ಲಸಿಕೆಯನ್ನು ಮಣ್ಣಿಗೆ ಸುರಿಯಬೇಕಾಯಿತು. ಅಲ್ಲಿಗೆ ಡಬ್ಬಿ ಖಾಲಿಯಾಯಿತು. ಗಾಡಿ ತಿರುಗಿ ಹೊರಡುವಾಗ ಹನಮಂತವ್ವನ ಫೋನ್ ಬಂತು. ಬಲಗಡೆಯ ಎತ್ತಿನ ಕೊರಳಲ್ಲಿ ಗಂಟು ಎದ್ದಿವೆ ಎಂದಳು. ಅಷ್ಟು ಹೇಳಿ ಫೋನ್ ಇಟ್ಟಳು.

ಉಳಿದ ಲಸಿಕೆ ಬರಲಿಲ್ಲ. ಅವನು ದಿನಾ ವ್ಯಾಪಾರಿಗೆ ಫೋನ್ ಹಚ್ಚಿದ. ಬಂದ ಕೂಡಲೇ ಕಳಿಸುತ್ತೇನೆಂದು ಆತ ದಿನಾ ನಯವಾಗಿ ಹೇಳಿದ. ಫೌಜಿನಲ್ಲಾದರೆ ಹಿಂದೆ ಒಂದು ಗೋದಾಮು, ಅದರ ಹಿಂದೆ ಇನ್ನೊಂದು, ಕೇಳಲು ಮೇಲೊಬ್ಬ ಸಾಹೇಬ ಇರುತ್ತಿದ್ದ. ಇಲ್ಲಿ ಆ ವ್ಯಾಪಾರಿಯ ಹಿಂದೆ ಯಾರಿದ್ದಾರೆಂಬುದೇ ತಿಳಿಯಲಿಲ್ಲ. ಚನ್ನಬಸವಣ್ಣನೂ ಫೋನ್ ಮಾಡಿ ಕೂಗಾಡಿದ, ಆಮೇಲೆ ಬೇಡಿಕೊಂಡ. ಎರಡಕ್ಕೂ ಉತ್ತರ ಒಂದೇ ಬಂತು.

ಪರಶುರಾಮ ರಜೆ ಹಾಕಿ, ಕಾಂಚನಾ ಕೊಟ್ಟ ಜ್ವರದ ಔಷಧ, ಹುಣ್ಣಿನ ಮುಲಾಮು ಕಟ್ಟಿಕೊಂಡು ಬೈಕಿನ ಮೇಲೆ ಬೆಳ್ಳಟ್ಟಿಗೆ ಹೋದ. ಎತ್ತಿನ ಮುಂಗಾಲು ಕಂಬದಂತೆ ಬಾತಿದ್ದವು. ಮಲಗಲೂ ಆಗದೆ ಅದು ನಿಂತೇ ಇತ್ತು. ಅಕ್ಕ ಗಂಜಿ ಮಾಡಿ ಬಿದಿರಿನ ಗೊಟ್ಟದಲ್ಲಿ ಅದರ ಬಾಯಿಗೆ ಹೊಯ್ಯುತ್ತಿದ್ದಳು. ಅರ್ಧ ಒಳಗೆ ಹೋಗಿ ಅರ್ಧ ಅವಳ ಸೀರೆಯ ಮೇಲೆ ಬೀಳುತ್ತಿತ್ತು. ಅವನು ದಿನವಿಡೀ ನೊಣ ಹೊಡೆದ, ಅರಿಷಿಣ, ಬೇವಿನೆಣ್ಣೆ ಹಚ್ಚಿದ. ಓಣಿಯ ಜನ ಅವನನ್ನು ನೋಡಿ ಮಾತಾಡದೆ ಹೋಗುತ್ತಿದ್ದರು. ಒಬ್ಬ ಮುದುಕ ಮಾತ್ರ ನಿಂತು, ಸೂಜಿಯ ಗಾಡಿ ಹೊಂಬಳಕ್ಕೆ ಹೋಗಿತ್ತಂತೆ, ಖರೆ ಏನು ಎಂದು ಕೇಳಿದ. ಪರಶುರಾಮ ಹೌದೆಂದ.

ಮೂರನೆಯ ದಿನ ಎತ್ತು ಮಂಡಿಯೂರಿತು. ಮತ್ತೆ ಏಳಲಿಲ್ಲ. ಹೊಲದ ಮೂಲೆಯಲ್ಲಿ ಜೆಸಿಬಿಯಿಂದ ತಗ್ಗು ತೆಗೆಸಿ, ಸುಣ್ಣ, ಉಪ್ಪು ಸುರಿದು ಮುಚ್ಚಿದರು. ಆ ವಾರ ಆ ಊರಿನಲ್ಲಿ ಜೆಸಿಬಿಗೆ ಬಿಡುವಿರಲಿಲ್ಲ.

ಇನ್ನೊಂದು ಎತ್ತಿಗೂ ಗಂಟು ಎದ್ದವು, ಒಡೆದವು, ಮಾಗಿದವು. ಅದು ಬದುಕಿತು. ಲಸಿಕೆ ಬಂದು ಮುಟ್ಟುವ ಹೊತ್ತಿಗೆ ಬೆಳ್ಳಟ್ಟಿಯಲ್ಲಿ ರೋಗ ತಾನಾಗಿಯೇ ಇಳಿದಿತ್ತು. ಶಿರಹಟ್ಟಿಯಲ್ಲಿ, ಲಕ್ಷ್ಮೇಶ್ವರದಲ್ಲಿ ಸೂಜಿ ಹಾಕಿಸಿದ ದನಗಳೆಲ್ಲ ಹೆಚ್ಚುಕಡಿಮೆ ಉಳಿದವು. ಹೊಂಬಳಕ್ಕೆ ಆ ರೋಗ ಬರಲೇ ಇಲ್ಲ. ಹಾಕಿಸಿದ ನಾಲ್ಕೈದು ದನಗಳಿಂದ ಊರು ಉಳಿಯಿತೋ, ಸುಮ್ಮನೆ ಉಳಿಯಿತೋ ಎಂದು ಪರಶುರಾಮ ಕೇಳಿದಾಗ ಕಾಂಚನಾ ತನಗೂ ಗೊತ್ತಿಲ್ಲವೆಂದಳು. ಅಕ್ಕನ ಎತ್ತಿಗೆ ಮೊದಲೇ ಸೂಜಿ ಹಾಕಿದ್ದರೆ ಉಳಿಯುತ್ತಿತ್ತೇ ಎಂಬುದನ್ನು ಅವನು ಕೇಳಲಿಲ್ಲ. ಅದಕ್ಕೂ ಅವಳ ಬಳಿ ಅದೇ ಉತ್ತರ ಇರುತ್ತಿತ್ತು.

ಹುಬ್ಬಳ್ಳಿಯ ವ್ಯಾಪಾರಸ್ಥರ ಒಂದು ಸಭೆಗೆ ಬಂದು ಫೌಜಿನ ಪದ್ಧತಿಯನ್ನು ಡೈರಿಗೆ ಹೇಗೆ ಹೊಂದಿಸಿದಿರೆಂದು ಮಾತಾಡಲು ಅವನನ್ನು ಕರೆದರು. ಚನ್ನಬಸವಣ್ಣ ಹುರುಪಿನಿಂದ ಒಪ್ಪಿಕೊಂಡಿದ್ದ. ಪರಶುರಾಮ ಮೈಗೆ ಆರಾಮಿಲ್ಲವೆಂದು ಹೋಗಲಿಲ್ಲ.

ಹಿಂಗಾರಿ ಬಿತ್ತನೆಯ ಹೊತ್ತಿಗೆ ಅವನು ಮತ್ತೆ ಬೆಳ್ಳಟ್ಟಿಗೆ ಹೋದ. ಅಕ್ಕನ ಹೊಲದಲ್ಲಿ ಬಾಡಿಗೆಯ ಟ್ರ್ಯಾಕ್ಟರ್ ಓಡುತ್ತಿತ್ತು. ಅವಳು ಬದುವಿನ ಮೇಲೆ ಕೂತು ನೋಡುತ್ತಿದ್ದಳು. ಜೋಡಿಗೆ ಇನ್ನೊಂದು ಎತ್ತು ತರೋಣವೆಂದು ಅವನು ಹೇಳಿದ. ಹಳೆಯದಕ್ಕೆ ಹೊಸದು ಹೊಂದಬೇಕಲ್ಲ, ತನಗೂ ಕಲಿಸುವ ವಯಸ್ಸು ಹೋಯಿತು ಎಂದಳು. ಆಮೇಲೆ ಕೇಳಿದಳು.

"ಮತ್ತ ಇಂಥಾ ಬ್ಯಾನಿ ಬಂದ್ರ ಮತ್ತ ಹಂಗ ಇಡ್ತೀಯೇನು ತಮ್ಮಾ?"

ಅವನು ನೆಲ ನೋಡುತ್ತ ಹೇಳಿದ. "ಇಡಬೇಕಾಗತೈತಿ ಅಕ್ಕಾ. ಬ್ಯಾರೆ ತಿಳೀಂಗಿಲ್ಲ ನನಗ."

ಅವಳು ಸಿಟ್ಟಾಗಲಿಲ್ಲ. ಟ್ರ್ಯಾಕ್ಟರ್ ಹೊಲದ ತುದಿ ಮುಟ್ಟಿ ತಿರುಗಿತು. ತಿರುವಿನಲ್ಲಿ ಅದು ಬಿಡುತ್ತಿದ್ದ ಮೂಲೆಯನ್ನು ತೋರಿಸಿ, ಅಲ್ಲಿ ಕೈಯಿಂದ ಕಾಳು ಊರಬೇಕಾಗುತ್ತದೆ ಎಂದು ಅವಳು ಎದ್ದಳು. ಅವನೂ ಬೀಜದ ಚೀಲ ಹೆಗಲಿಗೇರಿಸಿ ಅವಳ ಹಿಂದೆ ನಡೆದ.