ಮೇಜಿನ ಮೇಲಿನ ತಂಬಿಗೆ

ವೈಪರ್ ಒಮ್ಮೆ ಬಂದು ಹೋಗುತ್ತದೆ, ರಸ್ತೆಗೆ ಹಾಕಿದ ಉಪ್ಪು ಗಾಜಿನ ಮೇಲೆ ಬೆಳ್ಳಗೆ ಬಿಲ್ಲಿನ ಹಾಗೆ ಉಳಿಯುತ್ತದೆ, ಮತ್ತೆ ಬರುತ್ತದೆ, ಮತ್ತೆ ಉಳಿಯುತ್ತದೆ, ವಾಷರ್ ನೀರು ಮುಗಿದಿದೆ, ಇವರಿದ್ದಿದ್ದರೆ ನವೆಂಬರಿನಲ್ಲೇ ನೀಲಿ ಕ್ಯಾನು ತಂದು ತುಂಬಿಸುತ್ತಿದ್ದರು ಅಂದುಕೊಳ್ಳುತ್ತೇನೆ — ಇವರಿದ್ದಿದ್ದರೆ ಅಂತೆ, ಇವರು ಪಕ್ಕದ ಸೀಟಿನಲ್ಲೇ ಇದ್ದಾರೆ, ಬೆಲ್ಟು ಹಾಕಿಕೊಂಡು, ತೊಡೆಯ ಮೇಲೆ ಕೈ ಜೋಡಿಸಿಕೊಂಡು, ಮೃತ್ಯುಂಜಯ, ಮೂವತ್ತಾರು ವರ್ಷದಿಂದ ನನ್ನ ಗಂಡ, ಬಿಳಿ ಅಂಗಿಯ ಕಾಲರಿನಿಂದ ಹೊಟ್ಟೆಯವರೆಗೆ ನೇರಳೆ ಕಲೆ, ಕಾರಿನ ತುಂಬ ಹುಳಿ ವಾಸನೆ, ಹೀಟರ್ ಏರಿಸಿದಷ್ಟೂ ಏಳುತ್ತದೆ, ಕಿಟಕಿ ಇಳಿಸಿದರೆ ಅವರಿಗೆ ಚಳಿ. ಒಬ್ಬರ ವಾಸನೆಯಲ್ಲ ಅದು, ಹದಿನಾಲ್ಕು ಜನ ಬಾಯಲ್ಲಿ ಹೊರಳಿಸಿ ಉಗುಳಿದ ವೈನು, ಆ ಉಗುಳಿದ ಪಾತ್ರೆಯನ್ನೇ ಎತ್ತಿ ಕುಡಿದುಬಿಟ್ಟರು, ಯಾರ ತಟ್ಟೆಯಿಂದಲೂ ಒಂದು ತುತ್ತು ಮುಟ್ಟದವರು, ಮಗಳು ಕಚ್ಚಿದ ಸೇಬನ್ನೂ ತಿನ್ನದವರು, ನಗುತ್ತಾ ಬೈಯುತ್ತಿದ್ದಳು ರಕ್ಷಾ, ಅಪ್ಪಾ ಯು ಆರ್ ಸೋ ವಿಯರ್ಡ್, ಅದಕ್ಕಿವರು, ಎಂಜಲ ಎಂಜಲನ ನೋಡವಾ, ನಮ್ಮವ್ವ ಕಲಿಸಿದ್ದು ನಾಲಿಗಿ ಬಿಟ್ಟು ಹೋಗೂದಿಲ್ಲ. ಹೋಯಿತು. ಅಲ್ಲ, ಹೋಗಿಲ್ಲ, ಅದೇ ತಾನೇ, ಅವ್ವ ಕಲಿಸಿದ್ದು ಹೋಗಿಯೇ ಇಲ್ಲ, ಉಳಿದದ್ದೆಲ್ಲ ಹೋಗಿದೆ, ಅದೊಂದು ಉಳಿದಿದೆ — ಎತ್ತಿದ ಕೈ, ಹಿಂದಕ್ಕೆ ಬಾಗಿದ ತಲೆ, ತುಟಿಗೆ ತಾಗದಂತೆ ಗೇಣುದ್ದ ಮೇಲಿನಿಂದ ಸುರಿಯುವ ಕಪ್ಪು ಧಾರೆ.

ಸಿಗ್ನಲ್ ಕೆಂಪು. ಹಿಲ್ಸ್‌ಬರೋದ ಮನೆ ಇನ್ನೂ ಹದಿನೈದು ನಿಮಿಷ, ಸಂಜೆ ಐದಕ್ಕೇ ಇಷ್ಟು ಕತ್ತಲು, ಪ್ಲಾಜಾದ ಪಾರ್ಕಿಂಗಿನಲ್ಲಿ ಗುಡ್ಡೆ ಹಾಕಿದ ಹಿಮ, ಮಸಿ ಹತ್ತಿ ಕಲ್ಲಿನಂತಾಗಿದೆ, ಇವರು ಅದನ್ನೇ ನೋಡುತ್ತಾರೆ, ಕಾಶಿ, ಗುಡ್ಡ ದಾಟಿದ್ವೇನು. ಇಲ್ರೀ, ಇನ್ನೂ ಇಲ್ಲ. ಪಾಸ್‌ಪೋರ್ಟ್ ನಿನ್ನ ಹಂತ್ಯಾಕ ಐತಿಲ್ಲೋ. ಐತ್ರೀ. ಹಾಗಾದ್ರ ಛಲೋ ಆತು, ಎನ್ನುತ್ತಾರೆ, ಕೈಯನ್ನು ಮತ್ತೆ ಜೋಡಿಸಿಕೊಳ್ಳುತ್ತಾರೆ. ಗುಡ್ಡ, ಅದೊಂದೇ ಹಟ, ಹತ್ತು ವರ್ಷದಿಂದ, ತಿಕೋಟಾದ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಮನುಷ್ಯ, ಐವತ್ತು ದಾಟುವವರೆಗೆ ವೈನು ಮೂಸಿ ನೋಡದ ಮನುಷ್ಯ, ಕೆಲಸದ ಔಷಧ ಕಂಪನಿಯ ಲ್ಯಾಬಿನಲ್ಲಿ ಯಾರದೋ ನಿವೃತ್ತಿಯ ಪಾರ್ಟಿಯಲ್ಲಿ ಕೊಟ್ಟ ಬಾಟಲಿಯಿಂದ ಅರ್ಧ ಗ್ಲಾಸು ಬಗ್ಗಿಸಿಕೊಂಡು ನಮ್ಮ ಅಡುಗೆಮನೆಯಲ್ಲಿ ಕಣ್ಣು ಮುಚ್ಚಿ ನಿಂತಿದ್ದರು, ಕಾಶಿ ಇದರಾಗ ನಮ್ಮ ತ್ವಾಟದ ಮಣ್ಣಿನ ವಾಸನಿ ಐತಿ ಅಂದಿದ್ದರು, ಆಮೇಲೆ ನೋಟ್‌ಬುಕ್ಕು, ಪ್ರತಿ ಶನಿವಾರ ಒಂದು ಪುಟ, ಆಮೇಲೆ ಅರ್ಜೆಂಟೀನಾ, ಚಿಲಿ, ಊಟದ ಮೇಜಿನ ಮೇಲೆ ನಕ್ಷೆ ಹಾಸಿ, ಅರ್ಜೆಂಟೀನಾದ ಮೆಂಡೋಜಾ ಈ ಕಡಿ, ಚಿಲಿ ಆ ಕಡಿ, ಈ ಕಡಿ ಒಣ ನೆಲ, ಥೇಟ್ ನಮ್ಮ ಊರ ಹಂಗ, ಸಮುದ್ರದ ಮಳಿಮಾಡ ಎಲ್ಲಾ ಆ ಕಡಿನ ನಿಂತು ಬಿಡ್ತಾವು, ಒಂದ ಬಳ್ಳಿ, ಎರಡ ದೇಶ, ನಡುವ ಗುಡ್ಡ ಅಷ್ಟ, ಮುಂಜಾನೆ ಇಲ್ಲಿ ಕುಡದು ಬಸ್ ಹತ್ತಬೇಕು, ಸಂಜೀಕ ಆ ಕಡಿ ಇಳದು ಕುಡಿಬೇಕು, ನಾಲಿಗಿ ಮರಿಯೂದ್ರಾಗ.

ನಾಲಿಗೆ ಮರೆಯುವುದರೊಳಗೆ. ಮೇ ತಿಂಗಳಲ್ಲಿ ಡಾಕ್ಟರ್ ಮೆದುಳಿನ ಸ್ಕ್ಯಾನಿನ ಚಿತ್ರ ತಿರುಗಿಸಿ ತೋರಿಸಿದಳು, ಚಿಕ್ಕ ಹುಡುಗಿ, ರಕ್ಷಾಳ ವಯಸ್ಸು, ಹೋಗುವುದಾದರೆ ಒಂದು ವರ್ಷದೊಳಗೇ ಹೋಗಿ, ಅದರಾಚೆಗೆ ಅಂತ ಇಟ್ಟುಕೊಳ್ಳಬೇಡಿ, ಟೂರಿನವರಿಗೆ ಮಾತ್ರ ಮೊದಲೇ ತಿಳಿಸಿ. ತಿಳಿಸಲಿಲ್ಲ. ಟೂರಿನ ಫಾರ್ಮಿನಲ್ಲಿ ನೆನಪಿನ ಕಾಯಿಲೆ ಇದೆಯೇ ಎಂದಿತ್ತು, ಇಲ್ಲ ಎಂಬಲ್ಲಿ ಒತ್ತಿದೆ, ಟೂರಿನ ಆ ಹನ್ನೊಂದು ದಿನ ಹೆಂಡತಿಯಾಗಿ ಇರಬೇಕಿತ್ತು ನನಗೆ, ಮಾತ್ರೆ ಎಣಿಸುವವಳಲ್ಲ, ಬಾತ್‌ರೂಮಿನ ಹೊರಗೆ ನಿಲ್ಲುವವಳಲ್ಲ, ಬಸ್ಸಿನ ಕಿಟಕಿಯ ಬಳಿ ಕೂತು ಗಂಡನಿಂದ ಇದು ಯಾವ ಗುಡ್ಡರೀ ಎಂದು ಕೇಳುವವಳು, ಅಷ್ಟೇ. ವೀರೇಂದ್ರನಿಗೂ ಹೇಳಲಿಲ್ಲ, ಇಪ್ಪತ್ತು ವರ್ಷದ ಸ್ನೇಹ, ಅವನೇ ಈ ಟೂರು ಹುಡುಕಿದ್ದು, ಇವತ್ತು ಪ್ರಿನ್ಸ್‌ಟನ್ನಿನಲ್ಲಿ ಟೂರಿಗೆ ಹೊರಟವರನ್ನೆಲ್ಲ ಕರೆದಿದ್ದ ವೈನ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನದೇ ದೊಡ್ಡ ದನಿ, ಬರ್ರಿ ಬರ್ರಿ ಸಾಹೇಬ್ರ, ಮೂಗಿನ ಇನ್ಶೂರೆನ್ಸ್ ಮಾಡ್ಸೀರಿಲ್ಲೋ. ಇವರು ನಕ್ಕರು, ಯಾರೆಂದು ಗುರುತು ಸಿಗದಿದ್ದಾಗ ನಗುವ ನಗು, ವೀರೇಂದ್ರನಿಗೆ ಅದು ಹೊಸದೆಂದು ಹೇಗೆ ಗೊತ್ತಾಗಬೇಕು, ನನಗೆ ಗೊತ್ತು. ಗೋಡೆಯ ಮೇಲೆ ದೊಡ್ಡ ನಕ್ಷೆ, ಕಂದು ಬೆಟ್ಟದ ಸಾಲು, ಅದರ ಮೇಲೆ ಕೆಂಪು ದಾರ ಪಿನ್ನು ಚುಚ್ಚಿ ಕಟ್ಟಿದ್ದರು, ಗೈಡು ಟೋನಿ, ಕುಳ್ಳ, ಹಸನ್ಮುಖಿ, ಮಾರ್ಚಿನಲ್ಲಿ ಅಲ್ಲಿ ದ್ರಾಕ್ಷಿ ಕೀಳುವ ಕಾಲ, ದಾರಿ ಹತ್ತು ಸಾವಿರ ಅಡಿ ಏರುತ್ತದೆ, ಗಡಿಯಲ್ಲಿ ಪ್ರತಿಯೊಬ್ಬರೂ ತಾವೇ ಇಳಿದು ಕಿಟಕಿಯ ಮುಂದೆ ನಿಲ್ಲಬೇಕು, ಈಗ ಏಳು ವೈನು ರುಚಿ ನೋಡೋಣ, ದಯವಿಟ್ಟು ನುಂಗಬೇಡಿ, ಎಲ್ಲರೂ ಡ್ರೈವ್ ಮಾಡಬೇಕು, ಉಗುಳುವುದಕ್ಕೆ ಮೇಜಿನ ಮೇಲೆ ಪಾತ್ರೆಯಿದೆ. ವೀರೇಂದ್ರ ನನ್ನ ಕಡೆ ಬಾಗಿ, ಉಗುಳಾಕ ನಾವೇನು ಎಲಿ ಅಡಿಕಿ ಹಾಕೀವೇನ್ ಕಾಶಕ್ಕಾ. ನಕ್ಕೆ. ಎಷ್ಟು ದಿನದ ಮೇಲೆ ನಕ್ಕೆ, ಆ ನಗುವಿನಲ್ಲೇ ನೋಡಿದೆ ಆ ಪಾತ್ರೆಯನ್ನು, ಸ್ಟೀಲಿನದು, ದುಂಡು ಹೊಟ್ಟೆ, ಸಣ್ಣ ಕೊರಳು, ಹೊರಕ್ಕೆ ಮಡಿಚಿದ ಕಂಠ, ಥೇಟ್ ತಂಬಿಗೆ, ಬಂದವರ ಮುಂದೆ ನೀರಿಡುವ ತಂಬಿಗೆ, ನೋಡಿದೆ, ತಂಬಿಗೆ ಎಂದುಕೊಂಡೆ, ಅಷ್ಟಕ್ಕೇ ಬಿಟ್ಟೆ, ನಾನೇ ತಂಬಿಗೆ ಎಂದುಕೊಂಡ ಮೇಲೆ ಇವರು ಅಂದುಕೊಂಡದ್ದರಲ್ಲಿ ಏನು ತಪ್ಪು, ನಾಲ್ಕನೆಯ ವೈನಿನ ಹೊತ್ತಿಗೆ ಇವರಿಗೆ ಬಾಯಾರಿತ್ತು, ಅಷ್ಟೇ.

ಫೋನು ಕಾರಿನ ಸ್ಪೀಕರಿನಲ್ಲಿ ಬಡಿದುಕೊಳ್ಳುತ್ತದೆ, ರಕ್ಷಾ, ಫ್ಲೋರಲ್ ಪಾರ್ಕಿನ ತನ್ನ ಮನೆಯಿಂದ, ಒತ್ತುತ್ತೇನೆ, ಮಾಮ್, ಹೌ ವಾಸ್ ಇಟ್, ಡಿಡ್ ಯು ಟೆಲ್ ದೆಮ್. ನನಗಿಂತ ಮೊದಲು ಇವರು, ಭಾಳ ಛಲೋ ಆತವಾ, ಎಲ್ಲಾರೂ ನಕ್ಕರು. ಓ ನೈಸ್ ಅಪ್ಪಾ, ಮಾಮ್, ಡಿಡ್ ಯು. ಡ್ರೈವ್ ಮಾಡಾಕತ್ತೀನಿ ರಕ್ಷಾ, ಮನಿಗೆ ಹೋಗಿ ಫೋನ್ ಮಾಡ್ತೀನಿ. ನಕ್ಕರು ನಿಜ, ಮೊದಲು ಯಾರೋ ನಕ್ಕರು, ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು, ಆಮೇಲೆ ಧಾರೆ ನಿಲ್ಲಲಿಲ್ಲ, ನಗು ನಿಂತಿತು, ಒಬ್ಬಳು ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು, ಇವರು ಕುಡಿದು ಕಣ್ಣು ಮುಚ್ಚಿ, ಹಳೆಯ ಶನಿವಾರಗಳ ಹಾಗೆಯೇ, ಟೋನಿಗೆ ಇಂಗ್ಲಿಷಿನಲ್ಲಿ, ಚೆರ್ರಿ, ಎ ಲಿಟಲ್ ಸ್ಮೋಕ್, ವೆರಿ ಗುಡ್ ಸರ್. ನಾಲಿಗೆ ಮರೆತಿಲ್ಲ. ಎಲ್ಲರ ಉಗುಳಿನ ಅಡಿಯಿಂದಲೂ ಹೆಕ್ಕಿ ತೆಗೆಯಿತು ಆ ನಾಲಿಗೆ. ಟೋನಿ ಕೋಣೆಯನ್ನೆಲ್ಲ ನೋಡಿ, ಇವರು ಯಾರ ಜೊತೆ ಬಂದವರು ಅಂದ.

ಹೊರಟಾಗ ಟೋನಿ ಕೋಟು ಕೊಡುತ್ತಾ ಬಾಗಿಲ ಬಳಿ ಮೆಲ್ಲಗೆ ಅಂದ, ಮ್ಯಾಮ್, ನನ್ನ ತಂದೆಗೂ ಹೀಗೇ ಆಗಿತ್ತು, ಬರಬೇಡಿ ಅನ್ನುವುದಿಲ್ಲ, ಆದರೆ ಪ್ರತಿ ನಿಮಿಷ ನೀವು ಪಕ್ಕದಲ್ಲೇ ಇರಬೇಕು, ಇರುತ್ತೀರಾ, ಸೋಮವಾರ ಫೋನ್ ಮಾಡಿ ಕೇಳುತ್ತೇನೆ. ಒಳ್ಳೆಯವನು. ಬೈದಿದ್ದರೆ ಸುಲಭವಿತ್ತು, ಆಗುವುದಿಲ್ಲ ಎಂದಿದ್ದರೆ ಇನ್ನೂ ಸುಲಭ, ಮನೆಗೆ ಹೋಗಿ ಅವನನ್ನು ಶಪಿಸಿ ಅತ್ತುಬಿಡುತ್ತಿದ್ದೆ. ಇರುತ್ತೇನೆ ಎನ್ನಬೇಕು, ಒಂದು ಮಾತು, ಸೋಮವಾರಕ್ಕೆ ಇನ್ನೂ ಎರಡು ದಿನ, ಇರುತ್ತೇನೆ, ಇರದೆ ಇನ್ನೇನು, ಮೂವತ್ತಾರು ವರ್ಷ ಇರಲಿಲ್ಲವೇ — ಇವರು ಯಾರ ಜೊತೆ ಬಂದವರು ಅಂದನಲ್ಲ, ಆಗ ನಾನು ಮೂರು ಹೆಜ್ಜೆ ದೂರದಲ್ಲಿದ್ದೆ, ಮೂರೇ, ನಕ್ಷೆ ನೋಡುತ್ತಿದ್ದೆ, ಇಲ್ಲ, ನೋಡುತ್ತಿರಲಿಲ್ಲ, ಆ ಕ್ಷಣ ತಿರುಗಿಕೊಂಡೆ, ಕೆಂಪು ದಾರ ಬೆಟ್ಟ ಏರುವ ಕಡೆ ಕಣ್ಣಿಟ್ಟೆ, ಆ ಊರಿನ ಹೆಸರು ಓದುವವಳ ಹಾಗೆ, ಯಾವುದೋ ಪರಿಚಯವಿಲ್ಲದ ಮುದುಕನ ಕಡೆ ನೋಡಬಾರದು ಎಂಬ ಮರ್ಯಾದೆಯಿರುವವಳ ಹಾಗೆ, ಒಂದು, ಎರಡು, ಮೂರು, ವೀರೇಂದ್ರ ನನ್ನ ಮುಖ ನೋಡಿದ, ಅವನಿಗೆ ಎಲ್ಲ ಅರ್ಥವಾದದ್ದು ಆಗ, ಕಾಯಿಲೆಯೂ ಅರ್ಥವಾಯಿತು, ನಾನೂ ಅರ್ಥವಾದೆ. ಹಸಿರು ಸಿಗ್ನಲ್. ಹಿಂದಿನ ಕಾರು ಹಾರ್ನ್ ಮಾಡುತ್ತಿದೆ, ಹೋಗುತ್ತೇನಪ್ಪಾ, ಹೋಗುತ್ತೇನೆ, ಬ್ರೇಕಿನಿಂದ ಕಾಲು ಏಳುತ್ತಿಲ್ಲ — ಇವರು ಮಾತ್ರ ಹುಡುಕಲಿಲ್ಲ, ಇವರಿಗೆ ನಾನೆಲ್ಲಿದ್ದೇನೆಂದು ಗೊತ್ತಿತ್ತು, ಯಾರ ಹೆಸರೂ ನೆನಪಿಲ್ಲದ ಕೋಣೆಯಲ್ಲಿ ನನ್ನ ಬೆನ್ನು ಗೊತ್ತಿತ್ತು, ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಗದ್ದದಿಂದ ಹನಿ ತೊಟ್ಟಿಕ್ಕುತ್ತಾ, ಆ ಬೆನ್ನಿನ ಕಡೆ ಚಾಚಿ ನಿಂತಿದ್ದರು, ಕಾಶಿ, ತಗೋ, ನಿನಗೂ ನೀರಡಿಸಿರಬೇಕು, ನಾ ಎಂಜಲಾ ಮಾಡಿಲ್ಲ — ಚಾಚಿದ ಎರಡು ಕೈ, ನಡುವೆ ತಂಬಿಗೆ, ಎಂಜಲಾ ಮಾಡಿಲ್ಲ, ತಗೋ